ಮೇರುವಿನ ಶಿಖರದಾಚೆ: ದ್ವಿಪದ ಪ್ರಮೇಯ ಹಾಗೂ ಬೀಜಗಣಿತೀಯ ಭಿನ್ನರಾಶಿಗಳ ಶ್ರೇಣೀವಿಸ್ತಾರದ ಚರಿತ್ರೆ

1. ಪ್ರಸ್ತಾವನೆ

ಭಾರತೀಯ ಗಣಿತದ ಚರಿತ್ರೆಯನ್ನು ಕುರಿತ ವಿಚಾರಸಂಕಿರಣಗಳಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ದ್ವಿಪದ ಪ್ರಮೇಯವು ನ್ಯೂಟನ್ನನಿಗಿಂತ ಎಷ್ಟೋ ಶತಮಾನಗಳ ಮೊದಲೇ ಛಂದಶ್ಶಾಸ್ತ್ರಜ್ಞನಾದ ಪಿಂಗಲನಿಗೆ ತಿಳಿದಿತ್ತೆಂಬುದು ಒಂದು. ಅದು ನ್ಯೂಟನ್ನನ ಪ್ರತಿಭೆಯಿಂದಲೇ ಉದಿಸಿತೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಪೂರ್ಣಸತ್ಯವಲ್ಲ. ‘ದ್ವಿಪದ ಪ್ರಮೇಯ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿರುವುದೇ ಈ ಗೊಂದಲಕ್ಕೆ ಕಾರಣ.

ಮೊದಲನೆಯದು ಸಂಖ್ಯೆಗಳ ಕೋಷ್ಟಕ. ಎರಡನೆಯದು, ಆ ಕೋಷ್ಟಕದ ಯಾವುದೇ ಮನೆಯ ಸಂಖ್ಯೆಯನ್ನು ನೇರವಾಗಿ ಕೊಡುವ ಗುಣಾಕಾರದ ಸೂತ್ರ. ಮೂರನೆಯದು, ಘಾತಾಂಕವು ಋಣವಾಗಿರಲಿ ಭಿನ್ನವಾಗಿರಲಿ, ಅದೇ ಸೂತ್ರವನ್ನು ಪ್ರಯೋಗಿಸಿ, ಛೇದದಲ್ಲಿ ಅವ್ಯಕ್ತವನ್ನುಳ್ಳ ಭಿನ್ನರಾಶಿಯನ್ನು ಕೊನೆಯಿಲ್ಲದ ಶ್ರೇಣಿಯಾಗಿ ಬಿಡಿಸುವ ವಿಧಾನ. ಮೊದಲ ಎರಡು ಸಂಗತಿಗಳು ನಮ್ಮಲ್ಲಿ ಪ್ರಾಚೀನವಾದುವು. ಮೂರನೆಯದರ ಒಂದು ವಿಶೇಷ ಪ್ರಕರಣವು ಕೇರಳದಲ್ಲಿ ಸಿದ್ಧವಾಯಿತು. ಆದರೆ ಅದು ಕೋಷ್ಟಕದ ದಾರಿಯಿಂದ ಬರಲಿಲ್ಲ, ಭಾಗಾಕಾರದ ದಾರಿಯಿಂದ ಬಂದಿತು. ಅದರ ಸಾಮಾನ್ಯ ರೂಪವನ್ನು ನ್ಯೂಟನ್ನನು ಕಂಡುಕೊಂಡನು. ಈ ಎರಡು ದಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿ, ಪ್ರತಿಯೊಂದರ ಸಾಧನೆಯನ್ನು ಅದರದೇ ಅಳತೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಕೇತಗಳ ಬಗ್ಗೆ ಒಂದು ಮಾತು. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಅವ್ಯಕ್ತರಾಶಿಗೆ ‘ಯಾವತ್ತಾವತ್’ ಎಂಬುದರ ಮೊದಲಕ್ಷರವಾದ ‘ಯಾ’ ಬಳಕೆಯಾಗಿದೆ. ಅದನ್ನನುಸರಿಸಿ ಇಲ್ಲಿ ಅವ್ಯಕ್ತವನ್ನು ‘ಯ’ ಎಂದೂ, ಘಾತಾಂಕವನ್ನು ‘ನ’ ಎಂದೂ ಸೂಚಿಸಲಾಗಿದೆ.

2. ಛಂದಸ್ಸಿನ ಮೇರುವೂ ಮಾನ್ಯಖೇಟದ ಸೂತ್ರವೂ

ಪಿಂಗಲನ ಛಂದಸ್ಸೂತ್ರದ ಕೊನೆಯ ಭಾಗದಲ್ಲಿ ಲಘು-ಗುರುಗಳ ಪ್ರಸ್ತಾರವನ್ನು ಕುರಿತ ಅತಿ ಸಂಕ್ಷಿಪ್ತ ಸೂತ್ರಗಳಿವೆ. ಅವುಗಳಲ್ಲಿ ಒಂದನ್ನು ವಿವರಿಸುತ್ತ 10ನೆಯ ಶತಮಾನದ ಹಲಾಯುಧನು ತನ್ನ ಮೃತಸಂಜೀವನೀ ವ್ಯಾಖ್ಯಾನದಲ್ಲಿ ಮೇರುಪ್ರಸ್ತಾರವನ್ನು ರಚಿಸುವ ಕ್ರಮವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಮೇಲೆ ಒಂದು ಚೌಕದ ಮನೆ. ಅದರ ಕೆಳಗೆ ಎರಡೂ ಬದಿಗೆ ಅರ್ಧರ್ಧ ಚಾಚಿದ ಎರಡು ಮನೆಗಳು. ಅದರ ಕೆಳಗೆ ಮೂರು. ಹೀಗೆ ಬೇಕಾದಷ್ಟು ಸಾಲುಗಳು. ತುದಿಯ ಮನೆಗಳಲ್ಲೆಲ್ಲ ಒಂದನ್ನು ಬರೆಯಬೇಕು. ನಡುವಿನ ಪ್ರತಿ ಮನೆಯಲ್ಲಿ ಅದರ ಮೇಲಿರುವ ಎರಡು ಮನೆಗಳ ಮೊತ್ತವನ್ನು ಬರೆಯಬೇಕು. ಹೀಗೆ ಮಾಡಿದಾಗ ನಾಲ್ಕಕ್ಷರದ ಪಾದಕ್ಕೆ ಸಲ್ಲುವ ಸಾಲು 1, 4, 6, 4, 1 ಎಂದಾಗುತ್ತದೆ. ಎಲ್ಲವೂ ಗುರುವಾಗಿರುವ ಪಾದ ಒಂದು, ಒಂದು ಲಘುವಿರುವವು ನಾಲ್ಕು, ಎರಡು ಲಘುಗಳಿರುವವು ಆರು ಎಂದು ಅದರ ಅರ್ಥ. ಹಲಾಯುಧನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು, ಬಳಿಕ ಪರಮಾರ ಮುಂಜನ ಆಸ್ಥಾನವನ್ನು ಸೇರಿದನೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕನ್ನಡದಲ್ಲಿಯೂ ನಾಗವರ್ಮನ ಛಂದೋಂಬುಧಿಯು ಪ್ರಸ್ತಾರವೇ ಮೊದಲಾದ ಷಟ್ಪ್ರತ್ಯಯಗಳನ್ನು ನಿರೂಪಿಸುತ್ತದೆ.

ಈ ಕೋಷ್ಟಕವು ಭಾರತಕ್ಕೆ ಮಾತ್ರ ಸೇರಿದುದಲ್ಲ. ಅರಬ್ಬಿ ಭಾಷೆಯಲ್ಲಿ ಬರೆದ ಅಲ್-ಕರಜಿಯೂ, ಚೀನದಲ್ಲಿ 11ನೆಯ ಶತಮಾನದ ಜಿಯಾ ಷಿಯಾನ್ ಮತ್ತು 13ನೆಯ ಶತಮಾನದ ಯಾಂಗ್ ಹುಯಿ ಎಂಬವರೂ ಇದನ್ನು ಬಲ್ಲವರಾಗಿದ್ದರು. ಯುರೋಪಿನಲ್ಲಿ ಪಾಸ್ಕಲನು 1654ರಲ್ಲಿ ಬರೆದು, 1665ರಲ್ಲಿ ಪ್ರಕಟವಾದ ಪ್ರಬಂಧದಿಂದಾಗಿ ಇದಕ್ಕೆ ಅವನ ಹೆಸರು ಅಂಟಿಕೊಂಡಿತು.

ಕೋಷ್ಟಕದಿಂದ ಸೂತ್ರಕ್ಕೆ ಬಂದಾಗ ಕರ್ನಾಟಕದ ಸಂಬಂಧ ಇನ್ನಷ್ಟು ನಿಕಟವಾಗುತ್ತದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ವಿಕಲ್ಪಗಳ ಸಂಖ್ಯೆಯನ್ನು ಕಂಡುಹಿಡಿಯುವ ಸಾಮಾನ್ಯ ಸೂತ್ರವಿದೆ. ಒಂದರಿಂದ ಏರುವ ಸಂಖ್ಯೆಗಳನ್ನು ಒಂದು ಸಾಲಿನಲ್ಲಿಯೂ, ವಸ್ತುಗಳ ಒಟ್ಟು ಸಂಖ್ಯೆಯಿಂದ ಇಳಿಯುವ ಸಂಖ್ಯೆಗಳನ್ನು ಇನ್ನೊಂದು ಸಾಲಿನಲ್ಲಿಯೂ ಇಟ್ಟು, ಇಳಿಯುವವುಗಳ ಗುಣಲಬ್ಧವನ್ನು ಏರುವವುಗಳ ಗುಣಲಬ್ಧದಿಂದ ಭಾಗಿಸಬೇಕು. ಇಂದಿನ ರೀತಿಯಲ್ಲಿ ಬರೆದರೆ, ಅನುಕ್ರಮವಾಗಿ ದೊರೆಯುವ ಸಂಖ್ಯೆಗಳು

ನ/1, ನ(ನ − 1)/(1 × 2), ನ(ನ − 1)(ನ − 2)/(1 × 2 × 3) …

ಎಂದಾಗುತ್ತವೆ. ಮಹಾವೀರನು ಕೊಡುವ ಉದಾಹರಣೆಗಳಲ್ಲಿ ಷಡ್ರಸಗಳದು ಒಂದು. ಕಷಾಯ, ತಿಕ್ತ, ಆಮ್ಲ, ಕಟು, ಲವಣ, ಮಧುರ ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ ಬೆರೆಸುತ್ತ ಹೋದರೆ ಕ್ರಮವಾಗಿ 6, 15, 20, 15, 6, 1 ಬಗೆಗಳು ದೊರೆತು ಒಟ್ಟು 63 ಆಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೇರುವನ್ನು ಕಟ್ಟಲು ಮೇಲಿನ ಸಾಲು ಸಿದ್ಧವಿರಬೇಕು. ಮಹಾವೀರನ ಸೂತ್ರಕ್ಕೆ ಆ ಅಗತ್ಯವಿಲ್ಲ. ‘ನ’ ಎಷ್ಟೆಂದು ತಿಳಿದರೆ ಸಾಕು. ಕೇವಲ ಅಂಕಗಣಿತದ ದೃಷ್ಟಿಯಿಂದ ನೋಡಿದರೆ, ಆ ಸೂತ್ರದಲ್ಲಿ ‘ನ’ ಎಂಬುದು ಪೂರ್ಣಸಂಖ್ಯೆಯೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ಅರ್ಧವನ್ನಿಟ್ಟರೂ ಋಣ ಒಂದನ್ನಿಟ್ಟರೂ ಉತ್ತರಗಳು ಬರುತ್ತವೆ. ಆದರೆ ಮಹಾವೀರನು ಎಣಿಸುತ್ತಿದ್ದುದು ರಸಗಳನ್ನು, ರತ್ನಗಳನ್ನು. ಅರ್ಧ ರಸವಿರುವ ಅಡುಗೆಯಲ್ಲಿ ಎಷ್ಟು ವಿಕಲ್ಪಗಳು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಸೂತ್ರಕ್ಕೆ ಶಕ್ತಿಯಿದ್ದಿತು, ಆ ಶಕ್ತಿಯನ್ನು ಬೇಡುವ ಪ್ರಶ್ನೆ ಆ ಸಂದರ್ಭದಲ್ಲಿ ಇರಲಿಲ್ಲ. ಇದನ್ನು ಕೊರತೆಯೆಂದು ಹಳಿಯುವುದು ಹೇಗೆ ಅನುಚಿತವೋ, ಸೂತ್ರವಿದ್ದ ಮಾತ್ರಕ್ಕೆ ಅನಂತ ಶ್ರೇಣಿಯೂ ತಿಳಿದಿತ್ತೆಂದು ಹೊಗಳುವುದೂ ಹಾಗೆಯೇ ಅನುಚಿತ.

3. ಛೇದವನ್ನು ಬದಲಿಸುವ ಅಗತ್ಯ: ಯುಕ್ತಿಭಾಷೆಯ ದಾರಿ

ಹಾಗಾದರೆ ಅಚ್ಚುಕಟ್ಟಾದ ಒಂದು ಭಿನ್ನರಾಶಿಯನ್ನು ಮುಗಿಯದ ಶ್ರೇಣಿಯಾಗಿ ಬಿಡಿಸುವ ಅಗತ್ಯವಾದರೂ ಯಾರಿಗೆ, ಏಕೆ ಬಂದಿತು? ಛೇದದಲ್ಲಿ ಬದಲಾಗುತ್ತ ಹೋಗುವ ರಾಶಿಯಿರುವಂತಹ ಅಸಂಖ್ಯ ಭಿನ್ನರಾಶಿಗಳನ್ನು ಒಟ್ಟು ಕೂಡಬೇಕಾದವರಿಗೆ ಬಂದಿತು ಎಂಬುದೇ ಇದಕ್ಕೆ ಉತ್ತರ.

ಸಂಗಮಗ್ರಾಮದ ಮಾಧವನ (ಸು. 1340–1425) ಪರಂಪರೆಗೆ ಸೇರಿದ ಜ್ಯೇಷ್ಠದೇವನು 1530ರ ಸುಮಾರಿಗೆ ಮಲಯಾಳ ಗದ್ಯದಲ್ಲಿ ಬರೆದ ಯುಕ್ತಿಭಾಷೆಯು ಈ ಪ್ರಶ್ನೆಯನ್ನು ವೃತ್ತದ ಪರಿಧಿಯ ಸಂದರ್ಭದಲ್ಲಿ ಎತ್ತಿಕೊಳ್ಳುತ್ತದೆ. ವೃತ್ತವನ್ನು ಸುತ್ತುವರಿದ ಚೌಕದ ಅರ್ಧಭುಜವನ್ನು ಅತಿ ಸಣ್ಣ ಸಮಭಾಗಗಳಾಗಿ ಮಾಡಿ, ಕೇಂದ್ರದಿಂದ ಪ್ರತಿ ಭಾಗಕ್ಕೂ ಕರ್ಣವನ್ನೆಳೆದರೆ, ಪ್ರತಿ ಭಾಗಕ್ಕೆ ಸಲ್ಲುವ ಪರಿಧಿಯ ತುಣುಕನ್ನು ಪಡೆಯಲು ತ್ರಿಜ್ಯದ ವರ್ಗದಿಂದ ಗುಣಿಸಿ ಕರ್ಣದ ವರ್ಗದಿಂದ ಭಾಗಿಸಬೇಕಾಗುತ್ತದೆ. ಆದರೆ ಕರ್ಣವು ಒಂದೊಂದು ಭಾಗಕ್ಕೂ ಒಂದೊಂದು ಬಗೆ. ಛೇದವು ಹೀಗೆ ಹೆಜ್ಜೆಹೆಜ್ಜೆಗೂ ಬದಲಾಗುತ್ತಿದ್ದರೆ ಎಲ್ಲವನ್ನೂ ಒಟ್ಟಾಗಿ ಕೂಡುವುದು ಸಾಧ್ಯವಿಲ್ಲ. ಬದಲಾಗುವ ಕರ್ಣವರ್ಗದ ಸ್ಥಾನದಲ್ಲಿ ಬದಲಾಗದ ತ್ರಿಜ್ಯವರ್ಗವನ್ನೇ ಹರವಾಗಿ ತರುವುದೇ ಯುಕ್ತಿ.

ಗುಣ್ಯವನ್ನು ಗುಣಕದಿಂದ ಗುಣಿಸಿ ಹರದಿಂದ ಭಾಗಿಸಬೇಕಾಗಿದೆ ಎನ್ನೋಣ. ಗುಣಕವು ಹರಕ್ಕಿಂತ ಚಿಕ್ಕದು. ಆಗ ಉತ್ತರವು ಗುಣ್ಯಕ್ಕಿಂತ ಎಷ್ಟು ಕಡಿಮೆ ಎಂಬುದನ್ನು, ಹರ-ಗುಣಕಗಳ ಅಂತರದಿಂದ ಗುಣಿಸಿ ಹರದಿಂದ ಭಾಗಿಸಿ ತಿಳಿಯಬಹುದು. ಆದರೆ ಹರದ ಬದಲಿಗೆ ಗುಣಕದಿಂದಲೇ ಭಾಗಿಸಿದರೆ ಕಳೆಯಬೇಕಾದ ಫಲವು ತುಸು ಹೆಚ್ಚಾಗುತ್ತದೆ. ಆ ಹೆಚ್ಚಳವನ್ನು ಮತ್ತೆ ಸರಿಪಡಿಸಬೇಕು. ಸರಿಪಡಿಸುವಾಗಲೂ ಗುಣಕದಿಂದಲೇ ಭಾಗಿಸಿದರೆ ಇನ್ನೊಂದು ತಿದ್ದುಪಡಿ ಬೇಕಾಗುತ್ತದೆ. ಈ ಶೋಧ್ಯಫಲಗಳನ್ನು ಒಂದಾದ ಮೇಲೊಂದು ಕಳೆಯುತ್ತ ಕೂಡಿಸುತ್ತ ಹೋಗಬೇಕು.

ಒಂದು ಸರಳ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. 100ನ್ನು 4ರಿಂದ ಗುಣಿಸಿ 5ರಿಂದ ಭಾಗಿಸಬೇಕಾಗಿದೆ, ಉತ್ತರ 80. ಐದರಿಂದ ಭಾಗಿಸದೆ ನಾಲ್ಕರಿಂದಲೇ ಭಾಗಿಸುವೆವೆಂದು ಹಟ ಹಿಡಿದರೆ, 100ರಿಂದ 25ನ್ನು ಕಳೆದಾಗ 75, 6.25ನ್ನು ಸೇರಿಸಿದಾಗ 81.25, 1.5625ನ್ನು ಕಳೆದಾಗ 79.6875; ಮುಂದಿನದನ್ನು ಸೇರಿಸಿದಾಗ 80.078125. ಫಲವು 80ರ ಆಚೆಗೂ ಈಚೆಗೂ ತೂಗುತ್ತ ಅದನ್ನೇ ಸಮೀಪಿಸುತ್ತದೆ. ಇಂದಿನ ಸಂಕೇತದಲ್ಲಿ ಇದು

1/(1 + ಯ) = 1 − ಯ + ಯ² − ಯ³ + …

ಎಂಬ ವಿಸ್ತಾರವೇ ಸರಿ. ನಮ್ಮ ಉದಾಹರಣೆಯಲ್ಲಿ ‘ಯ’ ಎಂದರೆ ಕಾಲು.

ಯುಕ್ತಿಭಾಷೆಯ ಹೆಚ್ಚುಗಾರಿಕೆ ಇರುವುದು ಮುಂದಿನ ಮಾತಿನಲ್ಲಿ. ಈ ಕ್ರಿಯೆಗೆ ಕೊನೆಯಿಲ್ಲವೆಂದೂ, ಫಲಗಳು ಉಪೇಕ್ಷಿಸಬಹುದಾದಷ್ಟು ಚಿಕ್ಕದಾದಾಗ ನಿಲ್ಲಿಸಬಹುದೆಂದೂ ಅದು ಹೇಳುತ್ತದೆ. ಫಲಗಳು ಉತ್ತರೋತ್ತರ ಕಿರಿದಾಗಬೇಕಾದರೆ ಹರ-ಗುಣಕಗಳ ಅಂತರವು ಗುಣಕಕ್ಕಿಂತ ಕಡಿಮೆಯಿರಬೇಕೆಂಬ ನಿಬಂಧನೆಯನ್ನೂ ಸೇರಿಸುತ್ತದೆ. ಎಂದರೆ ‘ಯ’ ಒಂದಕ್ಕಿಂತ ಚಿಕ್ಕದಾಗಿರಬೇಕು. ಶ್ರೇಣಿಯನ್ನು ಕೊಟ್ಟ ಗ್ರಂಥವೇ ಅದು ಎಲ್ಲಿ ಸಲ್ಲುತ್ತದೆಂಬುದನ್ನೂ ಸೂಚಿಸಿರುವುದು ಗಮನಾರ್ಹ.

ಹೀಗೆ ಛೇದವು ನಿವಾರಣೆಯಾದ ಬಳಿಕ ಉಳಿಯುವುದು ವರ್ಗಗಳ, ಚತುರ್ಘಾತಗಳ, ಷಡ್ಘಾತಗಳ ಸಂಕಲಿತಗಳು ಮಾತ್ರ. ಅವುಗಳ ಮೊತ್ತವನ್ನು ಯುಕ್ತಿಭಾಷೆಯು ಬೇರೆಯಾಗಿ ಸಾಧಿಸುತ್ತದೆ. ಪರಿಧಿ-ವ್ಯಾಸಗಳ ಪ್ರಮಾಣದ ನಾಲ್ಕನೆಯ ಒಂದು ಭಾಗವು 1 − 1/3 + 1/5 − 1/7 + … ಎಂಬ ಮಾಧವನ ಶ್ರೇಣಿ ಇದರ ಫಲ.

4. ಶಿಖರದ ಮೇಲಿನ ಸಾಲು: ನ್ಯೂಟನ್ನನ ದಾರಿ

ಇಂಥದೇ ಅಗತ್ಯವು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೇರೊಂದು ವಕ್ರರೇಖೆಯ ನಿಮಿತ್ತ ಉಂಟಾಯಿತು. ‘ಯ’ದ ಪೂರ್ಣ ಘಾತಗಳಿಂದಾದ ರೇಖೆಗಳ ಕೆಳಗಿನ ಕ್ಷೇತ್ರಫಲವನ್ನು ಕಾಣುವ ರೀತಿ ಆಗ ತಿಳಿದಿತ್ತು. ಆದರೆ ವೃತ್ತದ ಸಮೀಕರಣದಲ್ಲಿ ವರ್ಗಮೂಲವೂ, ಅತಿಪರವಲಯದ ಸಮೀಕರಣದಲ್ಲಿ 1/(1 + ಯ) ಎಂಬ ಭಿನ್ನರಾಶಿಯೂ ಅಡ್ಡ ನಿಲ್ಲುತ್ತಿದ್ದುವು. ಜಾನ್ ವಾಲಿಸನು 1656ರಲ್ಲಿ ಪ್ರಕಟಿಸಿದ ಅನಂತಗಳ ಅಂಕಗಣಿತವನ್ನು ಕುರಿತ ಲ್ಯಾಟಿನ್ ಗ್ರಂಥದಲ್ಲಿ, ತಿಳಿದ ಎರಡು ಫಲಗಳ ನಡುವೆ ತಿಳಿಯದ ಫಲವೊಂದನ್ನು ಊಹಿಸಿ ಸೇರಿಸುವ ಅಂತರ್ವೇಶನ ಕ್ರಮದಿಂದ ವೃತ್ತದ ಕ್ಷೇತ್ರಫಲವನ್ನು ಸಾಧಿಸಲು ಯತ್ನಿಸಿದ್ದನು.

1664–65ರ ಚಳಿಗಾಲದಲ್ಲಿ ಆ ಗ್ರಂಥವನ್ನು ಓದುತ್ತಿದ್ದ ನ್ಯೂಟನ್ನನಿಗೆ ಇಪ್ಪತ್ತೆರಡು ವರ್ಷ. ವಾಲಿಸನು ಕ್ಷೇತ್ರದ ಎರಡೂ ಎಲ್ಲೆಗಳನ್ನು ನಿಶ್ಚಿತ ಸಂಖ್ಯೆಗಳಾಗಿ ಇಟ್ಟುಕೊಂಡಿದ್ದನು. ನ್ಯೂಟನ್ನನು ಮೇಲಿನ ಎಲ್ಲೆಯನ್ನು ‘ಯ’ ಎಂದೇ ಉಳಿಸಿಕೊಂಡನು. ಈ ಚಿಕ್ಕ ಬದಲಾವಣೆಯಿಂದ ಪ್ರತಿಯೊಂದು ಫಲವೂ ‘ಯ’ದ ಘಾತಗಳ ಸಾಲಾಗಿ ಬಿಚ್ಚಿಕೊಂಡಿತು. (1 − ಯ²) ಎಂಬುದರ ಸೊನ್ನೆ, ಒಂದು, ಎರಡು, ಮೂರನೆಯ ಘಾತಗಳಿಂದಾದ ಕ್ಷೇತ್ರಫಲಗಳನ್ನು ಒಂದರ ಕೆಳಗೊಂದು ಬರೆದಾಗ, ಛೇದಗಳು 1, 3, 5, 7 ಎಂದೂ ಅಂಶಗಳು ಮೇರುವಿನ ಸಾಲುಗಳೆಂದೂ ಕಂಡುಬಂದುವು. ಇವು ಹನ್ನೊಂದರ ಘಾತಗಳಾದ 1, 11, 121, 1331 ಎಂಬವುಗಳ ಅಂಕಿಗಳೇ ಎಂದು ಅವನು ಗುರುತಿಸಿದನು. ವೃತ್ತಕ್ಕೆ ಬೇಕಾದುದು ಸೊನ್ನೆ ಮತ್ತು ಒಂದರ ನಡುವಣ ಅರ್ಧದ ಸಾಲು. ಸಾಲಿನ ಎರಡನೆಯ ಸಂಖ್ಯೆಯೊಂದು ತಿಳಿದರೆ ಉಳಿದವು ನ/1, (ನ − 1)/2, (ನ − 2)/3 ಎಂಬವುಗಳ ಅನುಕ್ರಮ ಗುಣಾಕಾರದಿಂದ ಬರುತ್ತವೆಂಬುದನ್ನು ಕಂಡುಕೊಂಡ ಅವನು ಅಲ್ಲಿ ಧೈರ್ಯವಾಗಿ ಅರ್ಧವನ್ನಿಟ್ಟನು. ಮಹಾವೀರನು ರಸಗಳಿಗೆ ಅನ್ವಯಿಸಿದ ಸೂತ್ರದ ರೂಪವೇ ಇಲ್ಲಿ ಎಣಿಕೆಯ ಅರ್ಥವನ್ನು ಕಳಚಿಕೊಂಡು ಬೇರೊಂದು ಕೆಲಸಕ್ಕೆ ನಿಂತಿತು. ಪರಿಣಾಮವಾಗಿ (1 − ಯ²)ದ ವರ್ಗಮೂಲವು

1 − ಯ²/2 − ಯ⁴/8 − ಯ⁶/16 − …

ಎಂದಾಯಿತು.

ಅತಿಪರವಲಯಕ್ಕಾಗಿ ನಡುವಿನ ಸಾಲಲ್ಲ, ಸೊನ್ನೆಯ ಸಾಲಿಗೂ ಹಿಂದಿನ ಸಾಲು ಬೇಕಾಗಿತ್ತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮೇರುವಿನ ಶಿಖರದ ಮೇಲೆ ಇನ್ನೊಂದು ಸಾಲನ್ನು ಕಟ್ಟಬೇಕಾಗಿತ್ತು. ಶಿಖರದ ಸಾಲನ್ನು 1, 0, 0, 0, … ಎಂದು ಬರೆದುಕೊಳ್ಳೋಣ. ಪ್ರತಿ ಸಂಖ್ಯೆಯೂ ಮೇಲಿನ ಸಾಲಿನ ಎರಡು ಸಂಖ್ಯೆಗಳ ಮೊತ್ತವೆಂಬ ನಿಯಮವನ್ನು ಬಿಡದೆ ಮೇಲಕ್ಕೆ ಹೋದರೆ, ಮೊದಲ ಮನೆಯಲ್ಲಿ 1 ಇರುವುದರಿಂದ ಎರಡನೆಯದರಲ್ಲಿ −1 ಇರಲೇಬೇಕು. ಆಗ ಮೂರನೆಯದರಲ್ಲಿ 1, ನಾಲ್ಕನೆಯದರಲ್ಲಿ −1. ಅದಕ್ಕೂ ಮೇಲಿನ ಸಾಲು 1, −2, 3, −4, …. ಶಿಖರದ ಕೆಳಗಿನ ಸಾಲುಗಳೆಲ್ಲ ಮುಗಿಯುತ್ತವೆ. ಮೇಲಿನವು ಮುಗಿಯುವುದೇ ಇಲ್ಲ. ಮೊದಲನೆಯದು 1/(1 + ಯ)ದ ವಿಸ್ತಾರ, ಎರಡನೆಯದು 1/(1 + ಯ)²ದ ವಿಸ್ತಾರ. ಗುಣಾಕಾರದ ಸೂತ್ರದಲ್ಲಿ ‘ನ’ವನ್ನು −1 ಅಥವಾ −2 ಎಂದಿಟ್ಟರೂ ಇವೇ ಸಂಖ್ಯೆಗಳು ಬರುತ್ತವೆ. 1665ರಲ್ಲಿ ಪ್ಲೇಗಿನ ನಿಮಿತ್ತ ಕೇಂಬ್ರಿಜನ್ನು ಬಿಟ್ಟು ಲಿಂಕನ್‌ಷೈರಿನ ಬೂತ್‌ಬಿಯಲ್ಲಿದ್ದಾಗ ಈ ಶ್ರೇಣಿಯಿಂದಲೇ ಅತಿಪರವಲಯದ ಕ್ಷೇತ್ರಫಲವನ್ನು 52 ಅಂಕಿಗಳವರೆಗೆ ಗಣಿಸಿದುದಾಗಿ ನ್ಯೂಟನ್ನನು ಮುಂದೆ ಬರೆದುಕೊಂಡಿದ್ದಾನೆ.

ಈ ನಿಯಮಕ್ಕೆ ನ್ಯೂಟನ್ನನು ಕೊಟ್ಟ ಆಧಾರವೇನು? ಲೈಬ್ನಿಟ್ಸನಿಗೆ ತಲುಪಿಸಲೆಂದು ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗನಿಗೆ 1676ರ ಜೂನ್ 13ರಂದು ಬರೆದ ಪತ್ರದಲ್ಲಿ ಅವನು ಸೂತ್ರವನ್ನು ಸಾಮಾನ್ಯ ರೂಪದಲ್ಲಿ ಕೊಟ್ಟು, ಭಿನ್ನರಾಶಿಗಳನ್ನೂ ಮೂಲಗಳನ್ನೂ ಉದಾಹರಿಸಿದನು. ಅದೇ ವರ್ಷದ ಅಕ್ಟೋಬರ್ 24ರ ಎರಡನೆಯ ಪತ್ರದಲ್ಲಿ ತಾನು ಅದನ್ನು ಕಂಡುಕೊಂಡ ಬಗೆಯನ್ನು ವಿವರಿಸಿದನು. ಎರಡರಲ್ಲಿಯೂ ಸಾಧನೆಯಿಲ್ಲ, ಇರುವುದು ತಾಳೆ ನೋಡುವಿಕೆ. ವರ್ಗಮೂಲದ ಶ್ರೇಣಿಯನ್ನು ಅದರಿಂದಲೇ ಗುಣಿಸಿದರೆ ಮುಂದಿನ ಪದಗಳೆಲ್ಲ ಅಳಿದು 1 − ಯ² ಮಾತ್ರ ಉಳಿಯುತ್ತದೆ. ಅಂಕಗಣಿತದಲ್ಲಿ ವರ್ಗಮೂಲವನ್ನು ತೆಗೆಯುವ ರೀತಿಯನ್ನೇ ಬೀಜರಾಶಿಗೆ ಅನ್ವಯಿಸಿದರೂ ಅದೇ ಶ್ರೇಣಿ ದೊರೆಯುತ್ತದೆ, ಭಾಗಾಕಾರದಲ್ಲಿಯೂ ಹಾಗೆಯೇ. ಇದನ್ನು ಕಂಡ ಬಳಿಕ ತಾನು ಅಂತರ್ವೇಶನವನ್ನು ಕೈಬಿಟ್ಟು, ಹೆಚ್ಚು ಸಹಜವಾದ ಈ ಕ್ರಿಯೆಗಳನ್ನೇ ಆಧಾರವಾಗಿ ಹಿಡಿದೆನೆಂದು ಅವನೇ ಎರಡನೆಯ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ.

ಹೀಗೆ ಕೋಷ್ಟಕದ ದಾರಿಯಲ್ಲಿ ಹೊರಟ ನ್ಯೂಟನ್ನನು ಭಾಗಾಕಾರದ ದಾರಿಗೆ ಬಂದು ಸೇರಿದನು. 1668ರಲ್ಲಿ ನಿಕೊಲಾಸ್ ಮರ್ಕೇಟರನು ಲಾಗರಿತಮ್ ಕುರಿತ ತನ್ನ ಗ್ರಂಥದಲ್ಲಿ 1/(1 + ಯ)ವನ್ನು ದೀರ್ಘ ಭಾಗಾಕಾರದಿಂದಲೇ ಬಿಡಿಸಿ ಪ್ರಕಟಿಸಿದ್ದನು. ಅದನ್ನು ನೋಡಿದ ನ್ಯೂಟನ್ನನು 1669ರಲ್ಲಿ ಅನಂತ ಶ್ರೇಣಿಗಳನ್ನು ಕುರಿತ ಪ್ರಬಂಧವೊಂದನ್ನು ಸಿದ್ಧಪಡಿಸಿದನು. ಅದು ಅಚ್ಚಾದುದು 1711ರಲ್ಲಿ. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿಯೂ 1670ರ ವೇಳೆಗೆ ದ್ವಿಪದ ಶ್ರೇಣಿಯನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದನು. ದಶಮಾಂಶ ಭಿನ್ನಗಳಿಗೆ ಸಲ್ಲುವ ಕ್ರಿಯೆಗಳೆಲ್ಲ ಬೀಜರಾಶಿಗಳಿಗೂ ಸಲ್ಲುತ್ತವೆಂಬುದು 1671ರ ಗ್ರಂಥದಲ್ಲಿ ನ್ಯೂಟನ್ನನು ಎತ್ತಿಹಿಡಿದ ತತ್ತ್ವ. ಒಂದನ್ನು ಮೂರರಿಂದ ಭಾಗಿಸಿದಾಗ 0.333… ಎಂದು ಮುಗಿಯದೆ ಸಾಗುವಂತೆಯೇ, ಒಂದನ್ನು (1 + ಯ)ದಿಂದ ಭಾಗಿಸಿದಾಗಲೂ ಪದಗಳು ಮುಗಿಯದೆ ಸಾಗುತ್ತವೆ. ಹತ್ತರ ಘಾತಗಳ ಸ್ಥಾನದಲ್ಲಿ ‘ಯ’ದ ಘಾತಗಳಿವೆ, ಅಷ್ಟೆ.

5. ಶೇಷದ ಪ್ರಶ್ನೆ

ಮುಗಿಯದ ಭಾಗಾಕಾರದಲ್ಲಿ ಪ್ರತಿ ಹಂತದಲ್ಲಿಯೂ ಒಂದು ಶೇಷ ಉಳಿಯುತ್ತದೆ. ಅದನ್ನು ಮರೆಯದೆ ಬರೆದರೆ

1/(1 + ಯ) = 1 − ಯ + ಯ² − ಯ³ + ಯ⁴/(1 + ಯ).

ಇದು ‘ಯ’ದ ಬೆಲೆ −1 ಆಗದಿದ್ದರೆ ಸದಾ ಸತ್ಯ. ‘ಯ’ ಎರಡಾದಾಗ ಎಡಗಡೆ 1/3. ಬಲಗಡೆ −5ಕ್ಕೆ 16/3ನ್ನು ಸೇರಿಸಿದರೆ ಅದೂ 1/3. ಶೇಷವನ್ನು ಬಿಟ್ಟುಬಿಟ್ಟರೆ 1 − 2 + 4 − 8 + … ಎಂಬುದು ಎಲ್ಲಿಯೂ ನೆಲೆನಿಲ್ಲುವುದಿಲ್ಲ. ‘ಯ’ ಒಂದೇ ಆದಾಗ 1 − 1 + 1 − 1 + … ಎಂದಾಗುತ್ತದೆ. ಇಟಲಿಯ ಗುಯಿಡೊ ಗ್ರಾಂಡಿ 1703ರಲ್ಲಿ ಇದರ ಮೊತ್ತ ಅರ್ಧವೆಂದು ವಾದಿಸಿದುದು, ಲೈಬ್ನಿಟ್ಸನಂಥವರೂ ಅದನ್ನು ಸಮರ್ಥಿಸಿದುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನ್ಯೂಟನ್ನನ ಸೂತ್ರದ ಬಲದಿಂದ 18ನೆಯ ಶತಮಾನದ ಯುರೋಪು ಅಪಾರ ಫಲಗಳನ್ನು ಗಳಿಸಿತು. ಆದರೆ ಆ ಸೂತ್ರವು ಎಲ್ಲಿಯವರೆಗೆ ಸಲ್ಲುತ್ತದೆಂಬುದು ಬಹುಕಾಲ ಇತ್ಯರ್ಥವಾಗಲಿಲ್ಲ.

ಕೇರಳದ ಗಣಿತಜ್ಞರು ಶೇಷವನ್ನೇ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿದ್ದರು. ಅವರ ಪರಿಧಿಶ್ರೇಣಿಯು 45 ಅಂಶಗಳ ಅಂಚಿನಲ್ಲಿ, ಎಂದರೆ ‘ಯ’ ಒಂದನ್ನು ಮುಟ್ಟುವೆಡೆಯಲ್ಲಿ ನಿಂತಿರುವುದರಿಂದ ಅತ್ಯಂತ ನಿಧಾನವಾಗಿ ಸಾಗುತ್ತದೆ. ಹತ್ತು ಪದಗಳನ್ನು ಕೂಡಿ ನಾಲ್ಕರಿಂದ ಗುಣಿಸಿದರೆ ದೊರೆಯುವುದು 3.0418 ಮಾತ್ರ. ಇದಕ್ಕೆ ಪರಿಹಾರವಾಗಿ ಅವರು ಅಂತ್ಯಸಂಸ್ಕಾರವನ್ನು ರೂಪಿಸಿದರು. ಕೊನೆಯ ಬೆಸಸಂಖ್ಯೆಯ ಮುಂದಿನ ಸಮಸಂಖ್ಯೆಯ ಅರ್ಧವನ್ನು ಅಂಶವಾಗಿಯೂ, ಆ ಅರ್ಧದ ವರ್ಗದ ನಾಲ್ಕು ಪಟ್ಟಿಗೆ ಒಂದನ್ನು ಸೇರಿಸಿ ಛೇದವಾಗಿಯೂ ಇಡಬೇಕು. ಹತ್ತು ಪದಗಳಲ್ಲಿ ಕೊನೆಯ ಬೆಸಸಂಖ್ಯೆ 19, ಮುಂದಿನ ಸಮಸಂಖ್ಯೆ 20, ಅದರ ಅರ್ಧ 10. ಆದ್ದರಿಂದ ಸಂಸ್ಕಾರ 10/401. ಇದನ್ನು ಕೂಡಿ ನಾಲ್ಕರಿಂದ ಗುಣಿಸಿದರೆ 3.14159 ಬರುತ್ತದೆ. ಶ್ರೇಣಿಯನ್ನು ಕಂಡುಹಿಡಿದುದಕ್ಕಿಂತ, ನಿಲ್ಲಿಸಿದೆಡೆಯಲ್ಲಿ ಏನು ಉಳಿಯಿತೆಂದು ಲೆಕ್ಕ ಹಾಕಿದುದೇ ಆ ಪರಂಪರೆಯ ಹೆಚ್ಚಿನ ಸಾಧನೆಯೆಂದು ಹೇಳಬಹುದು.

ಸಾಮಾನ್ಯ ಸೂತ್ರಕ್ಕೆ ಅದರ ಎಲ್ಲೆಯನ್ನು ಕಟ್ಟುನಿಟ್ಟಾಗಿ ನಿರ್ಣಯಿಸಿದವನು ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್. 1826ರಲ್ಲಿ, ಬರ್ಲಿನ್ನಿನಲ್ಲಿ ಆಗತಾನೆ ಆರಂಭವಾಗಿದ್ದ ಕ್ರೆಲ್ಲೆಯ ಗಣಿತ ನಿಯತಕಾಲಿಕದ ಮೊದಲ ಸಂಪುಟದಲ್ಲಿ, ಅವನು ದ್ವಿಪದ ಶ್ರೇಣಿಯು ಯಾವ ಬೆಲೆಗಳಿಗೆ ಅಭಿಸರಿಸುತ್ತದೆ, ಅಭಿಸರಿಸಿದಾಗ ಅದರ ಮೊತ್ತವೇನು ಎಂಬುದನ್ನು ಮಿಶ್ರಸಂಖ್ಯೆಗಳನ್ನೂ ಒಳಗೊಂಡಂತೆ ಸಾಧಿಸಿ ತೋರಿಸಿದನು. ನ್ಯೂಟನ್ನನ ವ್ಯಾಪ್ತಿಯೂ ಕೇರಳದ ಎಚ್ಚರವೂ ಒಂದುಗೂಡಿದಂತಹ ಫಲ ದೊರೆತುದು ಇಲ್ಲಿ. ಆಬೆಲ್ಲನಿಗಾದರೋ ಯುಕ್ತಿಭಾಷೆಯ ಪರಿಚಯವಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಚಾರ್ಲ್ಸ್ ವಿಷ್ ಕೇರಳದ ಶ್ರೇಣಿಗಳನ್ನು ಯುರೋಪಿಯನ್ ವಿದ್ವಾಂಸರಿಗೆ ಪರಿಚಯಿಸಿದ ಲೇಖನ ಪ್ರಕಟವಾದುದು 1834ರಲ್ಲಿ. ಯುಕ್ತಿಭಾಷೆಯ ಗಣಿತಭಾಗವು ಟಿಪ್ಪಣಿಗಳೊಡನೆ ತ್ರಿಶ್ಶೂರಿನಲ್ಲಿ ಪ್ರಕಟವಾದುದು 1948ರಲ್ಲಿ, ಕೆ.ವಿ. ಶರ್ಮ ಅವರ ಇಂಗ್ಲಿಷ್ ಅನುವಾದ ಹೊರಬಂದುದು 2008ರಲ್ಲಿ. ಕೇರಳದ ಶ್ರೇಣಿಗಳು ಇದಕ್ಕೂ ಬಹು ಮುಂಚೆಯೇ ಯುರೋಪಿಗೆ ತಲುಪಿದ್ದುವೆಂಬ ವಾದಕ್ಕೆ ಸಾಕ್ಷಿಯಾಗಬಲ್ಲ ಅನುವಾದವಾಗಲಿ ಪತ್ರವಾಗಲಿ ಈವರೆಗೆ ದೊರೆತಿಲ್ಲ.

6. ಹಿನ್ನೋಟದ ಒಂದು ಅಪಾಯ

ಛಂದಸ್ಸಿನಿಂದ ಆರಂಭವಾದ ಈ ವಿವೇಚನೆಯನ್ನು ಛಂದಸ್ಸಿನ ಒಂದು ಉದಾಹರಣೆಯಿಂದಲೇ ಪರೀಕ್ಷಿಸಬಹುದು. 1/(1 − ಯ − ಯ²) ಎಂಬ ಭಿನ್ನರಾಶಿಯನ್ನು ತೆಗೆದುಕೊಳ್ಳೋಣ. (ಯ + ಯ²) ಎಂಬುದನ್ನು ಒಂದೇ ರಾಶಿಯಾಗಿ ಭಾವಿಸಿ, ಘಾತಾಂಕ −1ರ ದ್ವಿಪದ ಸೂತ್ರವನ್ನು ಪ್ರಯೋಗಿಸಿದರೆ

1 + (ಯ + ಯ²) + (ಯ + ಯ²)² + (ಯ + ಯ²)³ + …

ಎಂದಾಗುತ್ತದೆ. ಆವರಣಗಳನ್ನು ಬಿಡಿಸಿ ಸಮಾನ ಘಾತಗಳನ್ನು ಒಟ್ಟುಗೂಡಿಸಿದರೆ

1 + ಯ + 2ಯ² + 3ಯ³ + 5ಯ⁴ + 8ಯ⁵ + …

ಎಂಬ ಶ್ರೇಣಿ ಬರುತ್ತದೆ. ಇಲ್ಲಿ ‘ಯ’ವನ್ನು ಒಂದು ಮಾತ್ರೆಯ ಲಘುವೆಂದೂ ‘ಯ²’ವನ್ನು ಎರಡು ಮಾತ್ರೆಯ ಗುರುವೆಂದೂ ಓದಿದರೆ, ಎರಡನೆಯ ಘಾತವು ಎರಡಕ್ಷರದ ಗಣಗಳನ್ನು, ಮೂರನೆಯದು ಮೂರಕ್ಷರದ ಗಣಗಳನ್ನು ಕೊಡುತ್ತದೆ. ಯ⁴ದ ಸಹಗುಣಕವಾದ ಐದರಲ್ಲಿ ಎರಡನೆಯ ಘಾತದಿಂದ ಬಂದುದು ಒಂದು, ಮೂರನೆಯದರಿಂದ ಮೂರು, ನಾಲ್ಕನೆಯದರಿಂದ ಒಂದು. ಕಂದಪದ್ಯದ ಲಕ್ಷಣವನ್ನು ಓದಿದವರಿಗೆಲ್ಲ ಇವು ಪರಿಚಿತವೇ: ಗುರು ಗುರು ಎಂಬುದೊಂದು; ಲಘು ಲಘು ಗುರು, ಲಘು ಗುರು ಲಘು, ಗುರು ಲಘು ಲಘು ಎಂಬ ಮೂರು; ನಾಲ್ಕೂ ಲಘುಗಳಾದುದು ಒಂದು. ನಾಲ್ಕು ಮಾತ್ರೆಯ ಗಣಗಳು ಐದೇ ಎಂಬ ಲಕ್ಷಣಕಾರರ ಮಾತು ಈ ಭಿನ್ನರಾಶಿಯಲ್ಲಿ ಹುದುಗಿದೆ.

ಈ ಸಂಖ್ಯೆಗಳಲ್ಲಿ ಪ್ರತಿಯೊಂದೂ ಹಿಂದಿನ ಎರಡರ ಮೊತ್ತವೆಂಬುದನ್ನು ಪ್ರಾಕೃತ ಛಂದಸ್ಸನ್ನು ಕುರಿತು ಬರೆದ ವಿರಹಾಂಕನೂ 12ನೆಯ ಶತಮಾನದ ಹೇಮಚಂದ್ರನೂ ಹೇಳಿದ್ದಾರೆ. ಹಾಗೆಂದು ಈ ಭಿನ್ನರಾಶಿಯ ವಿಸ್ತಾರವು ಅವರಿಗೆ ತಿಳಿದಿತ್ತೆನ್ನಬಹುದೆ? ಖಂಡಿತ ಇಲ್ಲ. ಇಂಥ ಆವರ್ತಕ ಸಂಖ್ಯಾಕ್ರಮಗಳನ್ನು ಭಿನ್ನರಾಶಿಯ ಶ್ರೇಣಿಯಾಗಿ ಕಾಣುವ ದೃಷ್ಟಿ 18ನೆಯ ಶತಮಾನದಲ್ಲಿ ದ ಮಾವ್ರನಿಂದ ಬಂದಿತು. ಭಿನ್ನರಾಶಿಯಿಂದ ಮಾತ್ರಾಪ್ರಸ್ತಾರಕ್ಕೆ ಇಳಿಯುವ ಮೆಟ್ಟಿಲನ್ನು ನಾವು ಇಂದು ಕಟ್ಟಿಕೊಂಡಿದ್ದೇವೆ. ಅದೇ ಮೆಟ್ಟಿಲನ್ನು ವಿರಹಾಂಕನು ಏರಿದ್ದನೆಂದು ಭಾವಿಸಲಾಗದು. ಪ್ರಾಚೀನರ ಫಲವನ್ನು ಆಧುನಿಕ ಸಂಕೇತದಲ್ಲಿ ಬರೆದ ಕ್ಷಣವೇ ಅವರು ಮಾಡದಿದ್ದ ಸಾಮಾನ್ಯೀಕರಣವೂ ಅದರೊಳಗೆ ನುಸುಳಿಬಿಡುತ್ತದೆ. ಈ ಲೇಖನದಲ್ಲಿ ಮಹಾವೀರನ ಸೂತ್ರವನ್ನು ‘ನ’ ಎಂಬ ಅಕ್ಷರದಿಂದ ಬರೆದಾಗಲೂ ಆ ಅಪಾಯ ಇದ್ದೇ ಇತ್ತು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಕೋಷ್ಟಕವನ್ನು ಛಂದಶ್ಶಾಸ್ತ್ರಜ್ಞರು ಕೊಟ್ಟರು. ವಿಕಲ್ಪಗಳ ಗುಣಾಕಾರ ಸೂತ್ರವು ರಾಷ್ಟ್ರಕೂಟರ ಕಾಲಕ್ಕಾಗಲೇ ಸಾಮಾನ್ಯ ರೂಪದಲ್ಲಿ ಸಿದ್ಧವಾಗಿತ್ತು. ಘಾತಾಂಕ −1ರ ಅನಂತ ವಿಸ್ತಾರವನ್ನು, ಅದು ಸಲ್ಲುವ ನಿಬಂಧನೆಯೊಡನೆ, ಕೇರಳದ ಗಣಿತಜ್ಞರು ಭಾಗಾಕಾರದ ಯುಕ್ತಿಯಿಂದ ಸಾಧಿಸಿದರು. ಎಲ್ಲ ಘಾತಾಂಕಗಳಿಗೂ ಒಂದೇ ಸೂತ್ರವೆಂಬ ವ್ಯಾಪ್ತಿಯನ್ನು ನ್ಯೂಟನ್ನನು ಸಾಧನೆಯಿಲ್ಲದೆಯೇ ಕಂಡನು. ಅದರ ಸಾಧನೆ ಆಬೆಲ್ಲನಿಂದ ಬಂದಿತು. ಯಾರೊಬ್ಬರ ಪಾಲನ್ನು ಇನ್ನೊಬ್ಬರಿಗೆ ಕೊಡಬೇಕಾದ ಅಗತ್ಯವೂ ಇಲ್ಲ, ಯಾರ ಪಾಲೂ ಇದರಿಂದ ಕಿರಿದಾಗುವುದೂ ಇಲ್ಲ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಈ ಕ್ಷೇತ್ರ ದೂರದ್ದೇನಲ್ಲ. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದುದು ಮದರಾಸಿನಿಂದ. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಟೀಕೆಯುಳ್ಳವೂ ಇದ್ದುವು. ಎಲ್.ಸಿ. ಜೈನ್ ಅವರ ಹಿಂದಿ ಆವೃತ್ತಿ 1963ರಲ್ಲಿ ಸೊಲ್ಲಾಪುರದಿಂದ ಬಂದಿತು. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಒಳಗೊಂಡ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಿದ್ದಿತು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ಇವುಗಳಲ್ಲಿ ಮತ್ತು ಕನ್ನಡ ಟೀಕೆಗಳಲ್ಲಿ ವಿಕಲ್ಪ, ಪ್ರಸ್ತಾರ, ಭಿನ್ನಗಳ ಪ್ರಕರಣಗಳನ್ನು ಗಣಿತವನ್ನೂ ಛಂದಸ್ಸನ್ನೂ ಬಲ್ಲವರು ಒಟ್ಟಾಗಿ ಕುಳಿತು ಓದಬೇಕಾಗಿದೆ. ಹಾಗೆ ಓದುವಾಗ ಪ್ರತಿಯೊಂದು ಸೂತ್ರದ ಮುಂದೆಯೂ ಎರಡು ಪ್ರಶ್ನೆಗಳನ್ನು ಇಟ್ಟುಕೊಳ್ಳುವುದು ಒಳಿತು: ಗ್ರಂಥಕಾರನು ಬಿಡಿಸುತ್ತಿದ್ದ ಸಮಸ್ಯೆ ಯಾವುದು? ಅವನು ನಿಲ್ಲಿಸಿದೆಡೆಯಲ್ಲಿ ಉಳಿದ ಶೇಷವೆಷ್ಟು? ಭಾಗಾಕಾರಕ್ಕೆ ಸಲ್ಲುವ ಈ ಎಚ್ಚರವು ಚರಿತ್ರೆಗೂ ಸಲ್ಲುತ್ತದೆ.